ಕೂಗಳತೆಯ ಲೋಕ

(ಕಾಸರಗೋಡು ಭಾಗದ ಒಂದು ವಾಚನಾಲಯದಲ್ಲಿ, ಗೇಮ್ ತಯಾರಿಕೆ ಕಲಿಯುತ್ತಿರುವ ವಿದ್ಯಾರ್ಥಿಗಳೂ ಊರವರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಈ ಕಡೆ ಹೊಸಬರು ಯಾರಾದರೂ ಬಂದು ದಾರಿ ಕೇಳಿದರೆ ನಾವು ಹೇಳುವ ಕ್ರಮವನ್ನು ಗಮನಿಸಿದ್ದೀರಾ? "ಈ ತೋಡಿನ ಬದಿಯಲ್ಲೇ ಹೋಗಿ. ಕಾಲುಸಂಕ ದಾಟಿ. ಅಡಿಕೆ ತೋಟ ಮುಗಿಯುವಲ್ಲಿ ದೊಡ್ಡದೊಂದು ಹಲಸಿನ ಮರ ಉಂಟು. ಅಲ್ಲಿಂದ ಗುಡ್ಡೆ ಹತ್ತಿದರೆ ಮನೆ ಕಾಣ್ತದೆ. ಕಾಣದಿದ್ದರೆ ಅಲ್ಲಿ ಯಾರನ್ನಾದರೂ ಕೇಳಿ."

ಆ ಕೊನೆಯ ವಾಕ್ಯದ ಮೇಲೆ ಇವತ್ತಿನ ನನ್ನ ಮಾತೆಲ್ಲ ನಿಂತಿದೆ. ಓಪನ್ ವರ್ಲ್ಡ್ ಗೇಮ್‌ಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ಬಹಳ ಗಳಿಸಿವೆ, ಈ ಒಂದು ವಾಕ್ಯವನ್ನು ಮಾತ್ರ ಕಳೆದುಕೊಂಡಿವೆ. ನಮ್ಮ ಬದುಕಿನಲ್ಲೂ ಅದು ತೆಳ್ಳಗಾಗುತ್ತಿದೆ ಅಂತ ನನ್ನ ಅಭಿಪ್ರಾಯ. ಅದಕ್ಕೇ ಎರಡನ್ನೂ ಒಟ್ಟಿಗೆ ಮಾತಾಡುತ್ತೇನೆ.

ಗೇಮ್ ಆಡದವರಿಗಾಗಿ ಒಂದು ಮಾತು. ಹಳೆಯ ಗೇಮ್‌ಗಳಲ್ಲಿ ಒಂದು ಹಂತ ಮುಗಿಸಿದರೆ ಇನ್ನೊಂದು ಹಂತ, ರೈಲಿನ ಹಾಗೆ. ಓಪನ್ ವರ್ಲ್ಡ್ ಅಂದರೆ ಒಂದು ಇಡೀ ಸೀಮೆಯನ್ನೇ ಕಟ್ಟಿ ನಿಮ್ಮನ್ನು ಅದರೊಳಗೆ ಬಿಡುತ್ತಾರೆ. ಗುಡ್ಡ, ಹೊಳೆ, ಪೇಟೆ, ಜನ ಎಲ್ಲ ಅಲ್ಲಿರುತ್ತದೆ. ಮುಖ್ಯ ಕತೆ ಒಂದಿರುತ್ತದೆ, ಆದರೆ ಅದನ್ನು ಬಿಟ್ಟು ನೀವು ಮೀನು ಹಿಡಿಯುತ್ತಾ ಕೂತರೂ ಯಾರೂ ಕೇಳುವುದಿಲ್ಲ. ಈ "ಯಾರೂ ಕೇಳುವುದಿಲ್ಲ" ಎಂಬುದರಲ್ಲೇ ಗುಟ್ಟೂ ಇದೆ, ಗಂಡಾಂತರವೂ ಇದೆ. ಆಮೇಲೆ ಬರುತ್ತೇನೆ.

ಮೊದಲು ಅಳತೆ. ಗೇಮ್ ಕಂಪೆನಿಗಳು ಮ್ಯಾಪಿನ ಗಾತ್ರವನ್ನು ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತವೆ. 1996ರ ಡ್ಯಾಗರ್‌ಫಾಲ್ ಗ್ರೇಟ್ ಬ್ರಿಟನ್ನಿನಷ್ಟು ದೊಡ್ಡದು ಎಂದು ಹೇಳಿಕೊಂಡಿತ್ತು, ಊರು-ಗುಹೆ ಎಲ್ಲ ಸೇರಿ ಸುಮಾರು 15,000 ಜಾಗಗಳು. 2016ರ ನೋ ಮ್ಯಾನ್ಸ್ ಸ್ಕೈಯಲ್ಲಿ ಗ್ರಹಗಳ ಸಂಖ್ಯೆ 2ರ ಘಾತ 64, ಅಂದರೆ 20 ಅಂಕೆಗಳ ಸಂಖ್ಯೆ. ಬಿಡುಗಡೆಯಾದ ವಾರದಲ್ಲೇ ಆಟಗಾರರ ದೂರು ಏನಾಗಿತ್ತು? "ಮಾಡಲಿಕ್ಕೆ ಏನೂ ಇಲ್ಲ." ಆಮೇಲೆ ಅದರ ತಯಾರಕರು ವರ್ಷಗಟ್ಟಲೆ ಉಚಿತವಾಗಿ ಹೊಸದನ್ನು ಸೇರಿಸುತ್ತಾ ಹೋಗಿ ಹೆಸರು ಉಳಿಸಿಕೊಂಡರು. ಅದನ್ನೂ ಹೇಳಬೇಕು.

ಇನ್ನು ಒಂದು ಚದರ ಕಿಲೋಮೀಟರಿನ ಲೆಕ್ಕ ಹಾಕೋಣ. ಬರೆದುಕೊಳ್ಳುವವರು ಬರೆದುಕೊಳ್ಳಿ. ಗೇಮಿನ ಪಾತ್ರ ಓಡುವ ವೇಗ ಸೆಕೆಂಡಿಗೆ 5 ಮೀಟರ್ ಅಂತ ಹಿಡಿಯಿರಿ. ಸುಮಾರು 40 ಸೆಕೆಂಡಿಗೊಮ್ಮೆ ಏನಾದರೂ ಕಣ್ಣಿಗೆ ಬೀಳದಿದ್ದರೆ ಆಡುವವರ ಕೈ ಮೊಬೈಲಿನ ಕಡೆ ಹೋಗುತ್ತದೆ. 40 ಸೆಕೆಂಡಿಗೆ 200 ಮೀಟರ್. ಹಾಗಾದರೆ ಒಂದು ಕಿಲೋಮೀಟರಿಗೆ 5, ಒಂದು ಚದರ ಕಿಲೋಮೀಟರಿಗೆ 25 ಜಾಗಗಳು. ಇವುಗಳಲ್ಲಿ 4 ದೂರದಿಂದಲೇ ಕಾಣುವಂಥವು ಇರಲಿ: ಕೋಟೆಯ ಬುರುಜು, ಗುಡ್ಡೆಯ ತುದಿ, ದೇವಸ್ಥಾನದ ಮಾಡು. 8 ನಡುಗಾತ್ರದವು: ಮನೆ, ಮಿಲ್ಲು, ಕಟ್ಟೆ. ಉಳಿದ 13 ಸಣ್ಣವು: ಮುರಿದ ಸಂಕ, ನಾಗಬನ, ಮದಕದ ಬದಿಯಲ್ಲಿ ಒಗೆಯಲು ಹಾಕಿದ ಕಲ್ಲು. ಒಬ್ಬರೇ ಕೂತು ಒಂದು ಜಾಗವನ್ನು ಸರಿಯಾಗಿ ಕಟ್ಟಲು ಸರಾಸರಿ 4 ದಿನ. 25 ಜಾಗಕ್ಕೆ 100 ದಿನ.

ಇದೇ ಲೆಕ್ಕದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯನ್ನು, ಸುಮಾರು 1,990 ಚದರ ಕಿಲೋಮೀಟರನ್ನು, ಒಬ್ಬರು ಕಟ್ಟಲು ಹೊರಟರೆ 545 ವರ್ಷ ಬೇಕು. ಶಿವಪ್ಪನಾಯಕ ಬೇಕಲ ಕೋಟೆ ಕಟ್ಟಿಸಿ ಇನ್ನೂ 400 ವರ್ಷ ಆಗಿಲ್ಲ. ಕಂಪೆನಿಗಳು ಏನು ಮಾಡುತ್ತವೆ? ನೂರಾರು ಜನರನ್ನು ಹಾಕುತ್ತವೆ, ಅದೂ ಸಾಲದಾದಾಗ ಒಂದೇ ಜಾಗವನ್ನು ನಕಲು ಹೊಡೆಯುತ್ತವೆ. ಅದೇ ಬಿಡಾರ, ಅದೇ ಮೂರು ಕಾವಲುಗಾರರು, ಅದೇ ಪೆಟ್ಟಿಗೆ. ಮೂರನೇ ಸಲಕ್ಕೆ ಆಡುವವರಿಗೆ ವಾಸನೆ ಬಡಿಯುತ್ತದೆ, ನಾಲ್ಕನೇ ಸಲಕ್ಕೆ ಅವರು ನೋಡುವುದನ್ನೇ ಬಿಟ್ಟು ಬರೀ ಪಟ್ಟಿ ತೀರಿಸುತ್ತಾರೆ. ಕಲಿಯುವವರಿಗೆ ನನ್ನ ಸಲಹೆ: ಮೊದಲ ಗೇಮ್ ಒಂದು ಚದರ ಕಿಲೋಮೀಟರ್ ದಾಟಬಾರದು. ಬೇಕಲ ಕೋಟೆ 40 ಎಕರೆ, ಅಂದರೆ 0.16 ಚದರ ಕಿಲೋಮೀಟರ್. ಅಂಥ ಆರು ಕೋಟೆಗಳನ್ನು ಒಟ್ಟಿಗೆ ಇಟ್ಟರೆ ಒಂದು ಚದರ ಕಿಲೋಮೀಟರಿಗೆ ಹತ್ತಿರ ಬರುತ್ತದೆ. ಏನೂ ಕಡಿಮೆಯಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಮ್ಯಾಪ್ ಎಲ್ಲ ಆದ ಮೇಲೆ "ಒಂದು ಬೈಕ್ ಕೊಟ್ಟುಬಿಡೋಣ" ಅನ್ನುತ್ತಾರೆ. ಬೈಕ್ ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. 200 ಮೀಟರಿಗೆ 10 ಸೆಕೆಂಡ್. ನೀವು ನಾಲ್ಕು ದಿನ ಕೂತು ಕಟ್ಟಿದ ನಾಗಬನ ಒಂದು ಹಸಿರು ಗೆರೆಯಾಗಿ ಹಾದುಹೋಗುತ್ತದೆ. ವಾಹನ ಯಾವುದು ಅಂತ ಮೊದಲು ಗಟ್ಟಿ ಮಾಡಿ, ಆಮೇಲೆ ಮ್ಯಾಪ್ ಬಿಡಿಸಿ. ಹೆದ್ದಾರಿಯಲ್ಲಿ ತಲಪಾಡಿಯಿಂದ ಕಾಸರಗೋಡಿಗೆ ಕಾರಿನಲ್ಲಿ ಬಂದವರಿಗೂ, ಒಳರಸ್ತೆಯಲ್ಲಿ ಬಸ್ ಬದಲಿಸಿ ಬಂದವರಿಗೂ ಕಾಣುವ ಊರು ಒಂದೇ ಅಲ್ಲವಷ್ಟೆ.

ನೋಟದ ವಿಷಯಕ್ಕೆ ಬರೋಣ. 2017ರಲ್ಲಿ ನಿಂಟೆಂಡೋ ಬಿಡುಗಡೆ ಮಾಡಿದ ಜೆಲ್ಡಾ ಸರಣಿಯ ಬ್ರೆತ್ ಆಫ್ ದ ವೈಲ್ಡ್ ಈ ಕಸುಬಿನವರೆಲ್ಲ ಬಿಚ್ಚಿ ನೋಡುವ ಗೇಮ್. ಅದೇ ವರ್ಷ ಜಪಾನಿನಲ್ಲಿ ನಡೆದ ಗೇಮ್ ತಯಾರಕರ ಸೆಡೆಕ್ ಸಮ್ಮೇಳನದಲ್ಲಿ ಅದರ ತಯಾರಕರು ತಮ್ಮ ತ್ರಿಕೋನದ ಸೂತ್ರ ಹೇಳಿದರು. ನೆಲದಲ್ಲಿ ತ್ರಿಕೋನದ ಆಕಾರ ಇಟ್ಟರೆ ಎರಡು ಕೆಲಸ ಆಗುತ್ತದೆ. ಅದು ಹಿಂದಿನದನ್ನು ಮರೆಮಾಡುತ್ತದೆ. ಜತೆಗೆ "ಹತ್ತಿ ಹೋಗಲೋ, ಸುತ್ತಿ ಹೋಗಲೋ" ಎಂಬ ಪ್ರಶ್ನೆಯನ್ನು ಮುಂದಿಡುತ್ತದೆ. ದೊಡ್ಡ ತ್ರಿಕೋನ ದೂರದ ಗುರಿಗೆ, ನಡುವಿನದು ಅಡ್ಡಗಟ್ಟಲು, ಸಣ್ಣದು ನಡಿಗೆಯ ಲಯಕ್ಕೆ.

ನಮ್ಮ ನೆಲದ ಆಕಾರ ತ್ರಿಕೋನ ಅಲ್ಲ. ಮುರಕಲ್ಲಿನ ಪದವು ಮೇಲೆ ಚಪ್ಪಟೆ, ಅಂಚಿನಲ್ಲಿ ಕಡಿದಾದ ಇಳಿಜಾರು, ಕೆಳಗೆ ತೋಟ, ಅದರಾಚೆ ಬಯಲು. ಪದವಿನ ನಡುವೆ ನಿಂತರೆ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ತೋಟದೊಳಗೆ ನಿಂತರೆ ಅಡಿಕೆ ಮರದ ಕಂಬಗಳ ಆಚೆ ಏನೂ ಕಾಣುವುದಿಲ್ಲ. ಎಲ್ಲ ಕಾಣುವುದು ಅಂಚಿನಲ್ಲಿ ಮಾತ್ರ. ಈ ಅಂಚು ಗೇಮ್ ಮಾಡುವವರ ಪಾಲಿಗೆ ಬಂಗಾರ. ಅದೇ ಜೆಲ್ಡಾ ಶುರುವಾಗುವ ಜಾಗದ ಹೆಸರು ಗ್ರೇಟ್ ಪ್ಲಾಟೋ, ನಮ್ಮ ಮಾತಿನಲ್ಲಿ ದೊಡ್ಡ ಪದವು. ಅಂಚಿನಿಂದ ಇಡೀ ರಾಜ್ಯ ಕಾಣುತ್ತದೆ, ಆದರೆ ಇಳಿಯುವಂತಿಲ್ಲ. ನಾಲ್ಕು ಗುಡಿಗಳ ಪರೀಕ್ಷೆ ಮುಗಿಸಿದರೆ ಗಾಳಿಯಲ್ಲಿ ತೇಲುವ ಬಟ್ಟೆ ಸಿಗುತ್ತದೆ, ಆಮೇಲೆ ಹಾರು. ಮೊದಲು ಆಸೆ, ಆಮೇಲೆ ಸಾಧನ. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ರೆಕ್ಕೆ ಕೊಟ್ಟ ಗೇಮ್‌ಗಳು ಬೇಗ ಸಪ್ಪೆಯಾಗುತ್ತವೆ. ಮಕ್ಕಳಿಗೆ ಸಾಮಾನು ಕೊಡಿಸುವಾಗಲೂ ಇದು ನಿಜ, ಆದರೆ ಅದನ್ನು ಹೇಳಿದರೆ ಇಲ್ಲಿ ಮುಂದಿನ ಸಾಲಿನವರು ಮುಖ ಸಿಂಡರಿಸುತ್ತಾರೆ.

ನಮ್ಮ ಊರನ್ನು ಹಾಗೇ ಗೇಮಿಗೆ ತರಲು ಹೊರಟರೆ ಕ್ಯಾಮರಾ ಕೈ ಕೊಡುತ್ತದೆ. ಪಾತ್ರದ ಬೆನ್ನ ಹಿಂದೆ ಮೂರು ಮೀಟರ್ ದೂರದಲ್ಲಿ ಒಂದು ಅದೃಶ್ಯ ಕ್ಯಾಮರಾ ಹಿಂಬಾಲಿಸುತ್ತಿರುತ್ತದೆ. ನಮ್ಮ ಸುರಂಗ ಗೊತ್ತಲ್ಲ, ನೀರಿಗಾಗಿ ಗುಡ್ಡೆಯ ಬದಿಗೆ ಅಡ್ಡಲಾಗಿ ಕೊರೆದದ್ದು, ಒಬ್ಬರು ನಡೆದು ಹೋಗುವಷ್ಟೇ ಅಗಲ. ಅದರೊಳಗೆ ಪಾತ್ರ ಹೊಕ್ಕು ಒಂದು ತಿರುವು ತಿರುಗಿತು ಅಂದರೆ ಕ್ಯಾಮರಾ ಗೋಡೆಯೊಳಗೆ ಹೂತು ಪರದೆ ಇಡೀ ಕೆಂಪು ಕಲ್ಲು. ಎಂಜಿನ್, ಅಂದರೆ ಗೇಮನ್ನು ನಡೆಸುವ ತಂತ್ರಾಂಶ, ಕ್ಯಾಮರಾವನ್ನು ಮುಂದಕ್ಕೆ ತಳ್ಳುತ್ತದೆ, ಆಗ ಪರದೆಯ ತುಂಬ ಪಾತ್ರದ ಹಿಂದಲೆ. ಆದ್ದರಿಂದಲೇ ಗೇಮಿನ ಗುಹೆಗಳು ಮೂರು ನಾಲ್ಕು ಮೀಟರ್ ಅಗಲ ಇರುತ್ತವೆ, ಬಾಗಿಲುಗಳು ನಿಜವಾದ ಬಾಗಿಲಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಇರುತ್ತವೆ. ತಲೆ ತಗ್ಗಿಸಿ ಒಳಗೆ ಬರಬೇಕಾದ ನಮ್ಮ ಹಳೆಯ ಮನೆಯ ಬಾಗಿಲನ್ನು ಹಾಗೇ ಇಟ್ಟರೆ ಆಟ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದಾರಿ ಏನು? ಸುರಂಗದ ಬಾಯಿಗೆ ಬಂದ ಕೂಡಲೇ ನೋಟವನ್ನು ಪಾತ್ರದ ಕಣ್ಣಿಗೆ ಬದಲಿಸಿ. ಒಂದು ಸೆಕೆಂಡಿನ ಮೇಲೆ ತೆಗೆದುಕೊಳ್ಳಬೇಡಿ. ಒಳಗೆ ಬೆಳಕು ಕೈದೀಪದ್ದು ಮಾತ್ರ. ನೀರು ತೊಟ್ಟಿಕ್ಕುವ ಶಬ್ದ ಮುಂದಿನಿಂದ ಬರಲಿ, ಅದೇ ದಾರಿ ತೋರಿಸುತ್ತದೆ. ದೀಪ ಸಣ್ಣಗಾದರೆ ಗಾಳಿ ಕಡಿಮೆ ಅಂತ ಅರ್ಥ, ಹಿಂದೆ ಬಾ. ಇದನ್ನು ಪರದೆಯ ಮೇಲೆ ಬರೆದು ತೋರಿಸುವ ಅಗತ್ಯವೇ ಇಲ್ಲ.

ಶಬ್ದದ ವಿಷಯ ಬಂತು ನೋಡಿ. ದೂರಕ್ಕೆ ನಮ್ಮಲ್ಲಿ ಒಂದು ಚಂದದ ಅಳತೆ ಇದೆ, ಕೂಗಳತೆ. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಬೇಕು, ಅಷ್ಟು ದೂರ. ರಾತ್ರಿ ಬಯಲಾಟಕ್ಕೆ ಹೋಗುವವರು ಚೆಂಡೆಯ ಪೆಟ್ಟಿನ ಜಾಡು ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಮಾರ್ಗಸೂಚಿ ಯಾವ ಗೇಮಿನಲ್ಲೂ ಇಲ್ಲ. ಇದನ್ನು ಕಟ್ಟುವುದು ಹೀಗೆ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಎಂಜಿನ್ನಿನಲ್ಲಿ ನೇರ ಗೆರೆಯ ಇಳಿಕೆ ಇಟ್ಟರೆ ಸುಳ್ಳು ಅನ್ನಿಸುತ್ತದೆ. ಲಾಗರಿದಮ್ ವಕ್ರರೇಖೆ ಇಡಿ, ಅಂದರೆ ಹತ್ತಿರದಲ್ಲಿ ಬೇಗ, ದೂರ ಹೋದಂತೆ ನಿಧಾನವಾಗಿ ಇಳಿಯಲಿ. 15 ಮೀಟರ್ ಒಳಗೆ ಪೂರ್ತಿ ಶಬ್ದ, 500 ಮೀಟರಿಗೆ ಮೌನ. 200 ಮೀಟರ್ ದಾಟಿದ ಮೇಲೆ ಎತ್ತರದ ಸ್ವರಗಳನ್ನು ಸೋಸಿ ತೆಗೆಯಿರಿ: ಚಕ್ರತಾಳದ ಕಿಣಿಕಿಣಿ ಮೊದಲು ಸಾಯಲಿ, ಚೆಂಡೆಯ ಪೆಟ್ಟು ಉಳಿಯಲಿ. ನಡುವೆ ಗುಡ್ಡೆ ಬಂದರೆ ಇನ್ನಷ್ಟು ಮಂದ. ಆಡುವವರು ನಿಂತು, ತಲೆ ತಿರುಗಿಸಿ, ಕಿವಿಗೊಟ್ಟು ಹೆಜ್ಜೆ ಇಡುತ್ತಾರೆ. ಹಾಗೆ ನಡೆದು ಮುಟ್ಟಿದ ಜಾಗ ಮರೆಯುವುದಿಲ್ಲ.

ಈಗ ಬಾಣದ ಗುರುತು, ಎಲ್ಲಿಗೆ ಹೋಗಬೇಕು ಅಂತ ಪರದೆಯ ಮೇಲೆ ತೋರಿಸುವಂಥದ್ದು. 2002ರ ಮಾರೋವಿಂಡ್‌ನಲ್ಲಿ ಗುರುತು ಇರಲಿಲ್ಲ. ಊರಿನವರು ಬಾಯಿಮಾತಿನಲ್ಲಿ ದಾರಿ ಹೇಳುತ್ತಿದ್ದರು, ಅದು ಡೈರಿಯಲ್ಲಿ ದಾಖಲಾಗುತ್ತಿತ್ತು, ನೀವು ಓದಿ ಹುಡುಕಬೇಕು. 2006ರಲ್ಲಿ ಅದೇ ಸರಣಿಯ ಒಬ್ಲಿವಿಯನ್ ಬಂದಾಗ ದಿಕ್ಸೂಚಿಯ ಮೇಲೆ ಬಾಣ ಬಂತು, 2011ರ ಸ್ಕೈರಿಮ್‌ನಲ್ಲಿ ಅದು ಕಾಯಂ ಆಯಿತು. ಬಾಣ ಬಂದದ್ದಕ್ಕೆ ಕಾರಣ ಸೋಮಾರಿತನ ಅಲ್ಲ. ಮಾರೋವಿಂಡ್‌ನಲ್ಲಿ ಕೆಲವು ದಾರಿಗಳು ತಪ್ಪಾಗಿದ್ದವು, ಜನ ಗಂಟೆಗಟ್ಟಲೆ ಅಲೆದು ಶಾಪ ಹಾಕಿದರು. ಇಂಥ ತಪ್ಪು ಹೇಗಾಗುತ್ತದೆ ಅಂತ ಕೇಳಿ: ಮಾತು ಬರೆಯುವವರು "ಎರಡು ಬಂಡೆಗಳ ನಡುವೆ" ಅಂತ ಬರೆದಿರುತ್ತಾರೆ, ನೆಲ ತಿದ್ದುವವರಿಗೆ ಅದು ಗೊತ್ತಿಲ್ಲ, ಒಂದು ಬಂಡೆ ತೆಗೆಯುತ್ತಾರೆ. ಅದಕ್ಕೊಂದು ಕೋಷ್ಟಕ ಇಟ್ಟುಕೊಳ್ಳಿ. ಮಾತಿನಲ್ಲಿ ಬಂದ ಪ್ರತಿಯೊಂದು ಮರ, ಬಂಡೆ, ಸಂಕಕ್ಕೆ ಒಂದು ನಂಬರು. ಆ ವಸ್ತುವನ್ನು ಯಾರಾದರೂ ಅಳಿಸಲು ಹೊರಟರೆ ಎಂಜಿನ್ ಎಚ್ಚರಿಸಬೇಕು.

ದಾರಿಯ ಮಾತಿನಲ್ಲಿ ಮೂರು ಅಂಶ ಇರಲಿ. ಕಣ್ಣಿಗೆ ಕಾಣುವ ಒಂದು ವಸ್ತು. ಯಾವ ಕೈಬದಿ ಎಂಬುದು. ಮತ್ತೆ, ಬಹಳ ಜನ ಮರೆಯುವಂಥದ್ದು, "ಇಂಥದು ಕಂಡರೆ ನೀವು ಮುಂದೆ ಹೋಗಿಬಿಟ್ಟಿರಿ" ಎಂಬ ತಡೆಗುರುತು. ಉತ್ತರ-ದಕ್ಷಿಣ ಬೇಡ. ಹಳ್ಳಿಯಲ್ಲಿ ಬಡಗು-ತೆಂಕು ಅಂತ ಹೇಳುವವರು ಇದ್ದಾರೆ, ಆದರೆ ಪರದೆಯ ಮುಂದೆ ಕೂತವರಿಗೆ ಸೂರ್ಯ ಎಲ್ಲಿದ್ದಾನೆ ಅಂತಲೇ ಗೊತ್ತಿರುವುದಿಲ್ಲ.

ಬಾಣ ಇದ್ದರೆ ಆಗುವ ನಷ್ಟ ಇಷ್ಟು: ಕಣ್ಣು ಬಾಣದ ಮೇಲಿರುತ್ತದೆ, ನೆಲದ ಮೇಲಲ್ಲ. ಹತ್ತು ಸಲ ಹೋದ ಜಾಗಕ್ಕೂ ಹನ್ನೊಂದನೇ ಸಲ ಬಾಣವೇ ಬೇಕು. ಮತ್ತೆ, ಯಾರನ್ನೂ ಕೇಳಬೇಕಾಗಿಲ್ಲ. ನನ್ನ ದೂರು ಮುಖ್ಯವಾಗಿ ಇದರ ಮೇಲೆ. ದಾರಿ ಕೇಳುವಾಗ ನಾವು ದಾರಿ ಮಾತ್ರ ಕೇಳುವುದಿಲ್ಲ. "ಯಾರ ಮನೆಗೆ?" ಅಂತ ಅವರು ತಿರುಗಿ ಕೇಳುತ್ತಾರೆ. "ಅವರ ಅಣ್ಣನ ಮಗಳ ಮದುವೆ ಅಲ್ವಾ ಮುಂದಿನ ವಾರ?" ಅಂತ ಸುದ್ದಿ ಹೇಳುತ್ತಾರೆ. ನಮ್ಮ ಕಡೆಯಲ್ಲಿ ಇನ್ನೂ ಒಂದು ಪದರ: ಕೇಳುವುದು ಯಾವ ಭಾಷೆಯಲ್ಲಿ? ಕನ್ನಡವೋ, ತುಳುವೋ, ಮಲಯಾಳವೋ? ಎದುರಿನವರ ಮುಖ ನೋಡಿ ಒಂದರಲ್ಲಿ ಶುರು ಮಾಡಿ, ಅವರ ಉತ್ತರ ಕೇಳಿ ಇನ್ನೊಂದಕ್ಕೆ ಜಾರುತ್ತೇವೆ. ಸಂಬಂಧ ಅಲ್ಲೇ ಅರ್ಧ ಶುರುವಾಗಿರುತ್ತದೆ. ಫೋನಿನ ಮ್ಯಾಪ್ ಬೇಡ ಅನ್ನುತ್ತಿಲ್ಲ, ರಾತ್ರಿ ಆಸ್ಪತ್ರೆಗೆ ಓಡುವಾಗ ಅದೇ ಬೇಕು. ಆದರೆ ನೆಂಟರ ಮನೆಗೆ ಹೋಗುವಾಗಲೂ ಅದರಲ್ಲೇ ಹೋದರೆ ಅಂಗಳದವರೆಗೆ ಒಬ್ಬರನ್ನೂ ಮಾತಾಡಿಸದೆ ಮುಟ್ಟುತ್ತೀರಿ.

ಹಿಂದೆ ಕೂತ ಹಿರಿಯರು ಒಂದು ನಿಮಿಷ ತಾಳ್ಮೆ ಇಡಿ, ಇದು ಹುಡುಗರಿಗೆ. ಒಂದು ಚದರ ಕಿಲೋಮೀಟರನ್ನು 100 ಮೀಟರ್ ಚೌಕಗಳಾಗಿ ಒಡೆಯಿರಿ, ಆಡುವವರು ನಿಂತ ಚೌಕ ಮತ್ತು ಸುತ್ತಲಿನ ಎಂಟನ್ನು ಮಾತ್ರ ಮೆಮೊರಿಯಲ್ಲಿಡಿ. ಚೌಕವನ್ನು ತೆರೆಯುವ ದೂರವೂ ಮುಚ್ಚುವ ದೂರವೂ ಒಂದೇ ಆಗಿದ್ದರೆ ಗಡಿಯಲ್ಲಿ ನಿಂತವರಿಗೆ ತೋಟ ಬಂದು ಹೋಗಿ ಮಾಡುತ್ತದೆ. 150 ಮೀಟರಿಗೆ ತೆರೆದರೆ 200 ಮೀಟರಿಗೆ ಮುಚ್ಚಿ. ಸೇವ್ ಮಾಡುವಾಗ ಲೋಕವನ್ನು ಪೂರ್ತಿ ಬರೆಯಬೇಡಿ, ಬದಲಾದದ್ದನ್ನು ಮಾತ್ರ ಬರೆಯಿರಿ.

ಸಂಬಂಧಕ್ಕೆ ಬಂದೆ. ಗೇಮ್‌ಗಳು ಸಂಬಂಧವನ್ನು ಹೇಗೆ ಅಳೆಯುತ್ತವೆ? ಹೆಚ್ಚಿನವು ಅಂಕದಲ್ಲಿ. 2016ರ ಸ್ಟಾರ್‌ಡ್ಯೂ ವ್ಯಾಲಿ ಸರಿಯಾದ ಅರ್ಥದಲ್ಲಿ ಓಪನ್ ವರ್ಲ್ಡ್ ಅಲ್ಲ, ಒಂದು ಹಳ್ಳಿಯ ಬೇಸಾಯದ ಗೇಮ್. ಆದರೆ ಲೆಕ್ಕ ಸ್ಪಷ್ಟವಾಗಿರುವುದರಿಂದ ಉದಾಹರಣೆಗೆ ಒಳ್ಳೆಯದು. ಒಬ್ಬರ ಜತೆ ದಿನಕ್ಕೊಮ್ಮೆ ಮಾತಾಡಿದರೆ 20 ಅಂಕ. ಅವರಿಗೆ ತೀರಾ ಇಷ್ಟವಾದ ಉಡುಗೊರೆ ಕೊಟ್ಟರೆ 80, ವಾರಕ್ಕೆ ಎರಡೇ ಉಡುಗೊರೆ. 250 ಅಂಕಕ್ಕೆ ಒಂದು ಹೃದಯ, ಅಂದರೆ ಸ್ನೇಹದ ಒಂದು ಮೆಟ್ಟಿಲು. ಲೆಕ್ಕ ಹಾಕಿ: ವಾರಕ್ಕೆ 140 ಮತ್ತು 160, ಒಟ್ಟು 300. ಎಂಟು ಹೃದಯಕ್ಕೆ 2,000 ಅಂಕ, ಏಳು ವಾರ ತುಂಬುವುದರೊಳಗೆ ಗಾಢ ಸ್ನೇಹ! ಹುಟ್ಟುಹಬ್ಬದ ದಿನ ಕೊಟ್ಟ ಉಡುಗೊರೆಗೆ ಎಂಟು ಪಟ್ಟು, ಅಂದರೆ 640, ಒಂದೇ ದಿನದಲ್ಲಿ ಎರಡೂವರೆ ಹೃದಯ. ವರ್ಷವಿಡೀ ಮಾತಿಲ್ಲದೆ ಹುಟ್ಟುಹಬ್ಬಕ್ಕೆ ವಾಟ್ಸಾಪಿನಲ್ಲಿ ಕೇಕಿನ ಚಿತ್ರ ಹಾಕಿ ಲೆಕ್ಕ ಚುಕ್ತಾ ಮಾಡುವವರು ಈ ಸೂತ್ರವನ್ನು ಎಲ್ಲಿ ಕಲಿತರೋ. ನ್ಯಾಯವಾಗಿ ಹೇಳಬೇಕಾದರೆ, ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ನಾಲ್ಕಕ್ಕೂ ಹೆಚ್ಚು ವರ್ಷ ಕೂತು ಮಾಡಿದ ಗೇಮ್ ಅದು. ಅವನ ಜಾಣತನ ಅಂಕದಲ್ಲಿಲ್ಲ; ಒಂದೊಂದು ಮೆಟ್ಟಿಲಿಗೆ ತೆರೆದುಕೊಳ್ಳುವ ಪುಟ್ಟ ದೃಶ್ಯಗಳಲ್ಲಿದೆ. ಅಂಕ ಬರೀ ಬೀಗದ ಕೈ.

2008ರ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ನಾಲ್ಕರಲ್ಲಿ ಬೇರೆ ಉಪಾಯ. ಗೆಳೆಯರು, ದಾಯಾದಿ ಅಣ್ಣ, ಎಲ್ಲರೂ ಫೋನ್ ಮಾಡಿ ಬೌಲಿಂಗ್ ಆಡಲು ಕರೆಯುತ್ತಾರೆ. ಹೋಗದಿದ್ದರೆ ಮುನಿಸು. ಮನಸ್ಸಿಗೆ ಬಂದರೆ ಒಬ್ಬ ಬಂದೂಕು ತಂದುಕೊಡುತ್ತಾನೆ, ಅಣ್ಣ ಟ್ಯಾಕ್ಸಿ ಕಳಿಸುತ್ತಾನೆ. ಕಾರಿನಲ್ಲಿ ಹೋಗುತ್ತಾ ಅವರಾಡುವ ಮಾತು ಚೆನ್ನಾಗಿಯೇ ಬರೆದದ್ದು. ಆದರೂ ಆಟಗಾರರ ನೆನಪಿನಲ್ಲಿ ಉಳಿದದ್ದು ಕಿರಿಕಿರಿ. ಯಾಕೆ? ಆ ಕರೆ ಬರುವುದು ಗಡಿಯಾರದ ಲೆಕ್ಕದಲ್ಲಿ. ನಿನ್ನೆ ಏನಾಯಿತು ಎಂಬುದಕ್ಕೂ ಇವತ್ತಿನ ಕರೆಗೂ ನಂಟಿಲ್ಲ. ಹೋಲಿಸಿ ನೋಡಿ, 2018ರ ರೆಡ್ ಡೆಡ್ ರಿಡೆಂಪ್ಶನ್ ಎರಡರ ಕುದುರೆಯನ್ನು. ಅಲ್ಲೂ ನಂಟಿಗೆ ನಾಲ್ಕು ಮೆಟ್ಟಿಲಿದೆ. ಆದರೆ ಅದು ಬೆಳೆಯುವುದು ಹೇಗಿದ್ದರೂ ಮಾಡುವ ಕೆಲಸದಲ್ಲಿ: ಸವಾರಿ, ಮೇವು, ಮೈ ಉಜ್ಜುವುದು, ಹೆದರಿದಾಗ ಸಮಾಧಾನ. ಕುದುರೆ ಸತ್ತರೆ ಸತ್ತಂತೆಯೇ. ಗಂಡಸರು ಕುದುರೆಗಾಗಿ ಹಳೆಯ ಸೇವ್‌ಗೆ ಹಿಂದಿರುಗುತ್ತಾರೆ, ಬೌಲಿಂಗ್ ಗೆಳೆಯನಿಗಾಗಿ ಯಾರೂ ಹಿಂದಿರುಗುವುದಿಲ್ಲ.

ಕನ್ನಡದಲ್ಲಿ ಗೇಮ್ ಮಾಡುವವರಿಗೆ ಅಂಕ ಬೇಕಾಗಿಯೇ ಇಲ್ಲ ಅಂತ ನನ್ನ ವಾದ. ನಮ್ಮ ವ್ಯಾಕರಣದಲ್ಲೇ ಅಳತೆಗೋಲಿದೆ. ಮನೆಯ ಕಟ್ಟಡದಲ್ಲೂ ಇದೆ. ಮೊದಲ ದಿನ ಗೇಟಿನ ಹೊರಗೆ: "ಯಾರು ನೀವು? ಎಲ್ಲಾಯಿತು ಊರು?" ಎರಡನೆಯದು ಅಂಗಳ ದಾಟಿ ಜಗಲಿ: "ಕೂತುಕೊಳ್ಳಿ, ಆಸರಿಗೆ ಏನು ಬೇಕು?" ಬೆಲ್ಲ, ನೀರು. ಮೂರನೆಯದು ಒಳಗಿನ ಕೋಣೆ. "ನೀವು" ಹೋಗಿ "ನೀನು" ಬರುತ್ತದೆ, ಅಣ್ಣ-ಅಕ್ಕ ಬರುತ್ತದೆ. ನಾಲ್ಕನೆಯದು ಅಡುಗೆಮನೆ. ಅಲ್ಲಿ ಯಾರೂ "ಬಾ" ಅನ್ನುವುದಿಲ್ಲ, "ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಅಂತ ಬೈಯುತ್ತಾರೆ. ಬೈಗುಳ ಬಂದರೆ ಆಟಗಾರರಿಗೆ ಗೊತ್ತಾಗುತ್ತದೆ. ಇದರಲ್ಲಿ ಒಂದು ಎಚ್ಚರ ಬೇಕು. ಯಾರನ್ನು ಎಲ್ಲಿಯವರೆಗೆ ಬಿಡಬೇಕು ಎಂಬುದನ್ನು ಈ ಮನೆಗಳು ಪ್ರೀತಿಯಿಂದ ಮಾತ್ರ ನಿರ್ಧರಿಸಿದವಲ್ಲ, ಜಾತಿಯಿಂದಲೂ ನಿರ್ಧರಿಸಿದವು. ಅಂಗಳದಲ್ಲೇ ನಿಲ್ಲಿಸಿದವರ ಕತೆ ಗೇಮಿನಲ್ಲಿ ಇಲ್ಲದಿದ್ದರೆ ಅದು ಪ್ರವಾಸೋದ್ಯಮದ ಜಾಹೀರಾತು ಆಗುತ್ತದೆ.

ಕೆಲಸದ ಲೆಕ್ಕ: ಒಂದು ಚದರ ಕಿಲೋಮೀಟರಿಗೆ 12 ಪಾತ್ರ ಸಾಕು. ತಲಾ 4 ಮೆಟ್ಟಿಲು, ಮೆಟ್ಟಿಲಿಗೆ 5 ಮಾತು, 240. ಇನ್ನು ಘಟನೆಗಳ ಪಟ್ಟಿ. ಅಂಕದ ಬದಲು ಪ್ರತಿ ಪಾತ್ರಕ್ಕೂ ನೆನಪು ಕೊಡಿ: "ಬೇಲಿ ಕಟ್ಟಲು ಬಂದ", "ಬರುತ್ತೇನೆ ಅಂದು ಬರಲಿಲ್ಲ". ತಲಾ 6 ಘಟನೆಗೆ ಒಂದೊಂದು ಮಾತು, 72. ಒಟ್ಟು 312. ದಿನಕ್ಕೆ 20 ಒಳ್ಳೆಯ ಮಾತು ಬರೆದರೆ 16 ದಿನ. ಕೆಲವು ಘಟನೆಗಳು ಹತ್ತು ದಿನದಲ್ಲಿ ಮಾಸಲಿ, ಕೆಲವು ಮಾಸದಿರಲಿ. ಅಂಕದ ವ್ಯವಸ್ಥೆಯಲ್ಲಿ ಮಾತು ತಪ್ಪಿದ್ದನ್ನು ಹತ್ತು ಹಲಸಿನ ಹಣ್ಣು ಕೊಟ್ಟು ಸರಿದೂಗಿಸಬಹುದು. ಪಟ್ಟಿಯಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಬದುಕಿನಲ್ಲೂ ಹಾಗೇ ಅಲ್ಲವೇ? ಒಳ್ಳೆಯದು ಮಾಡಿದವರ ಮೇಲೆ ನಮಗಿರುವ ಸಿಟ್ಟು ಹಾಗೇ ಉಳಿದಿರುತ್ತದೆ, ಅವರ ಮೇಲಿನ ಋಣವೂ ಉಳಿದಿರುತ್ತದೆ.

ಇಲ್ಲಿ ಕೈ ಕೊಡುವುದು ಕ್ರಿಯಾಪದ. ಮಾತುಕತೆ ಬರೆದವರು "ಬಾ ಕೂತುಕೋ" ಅಂತ ಬರೆದಿರುತ್ತಾರೆ, ಮಿಷನ್, ಅಂದರೆ ಆಟಗಾರರಿಗೆ ಒಪ್ಪಿಸುವ ಕೆಲಸ, ಬರೆದವರು ಅದೇ ಪಾತ್ರದ ಬಾಯಲ್ಲಿ "ದಯವಿಟ್ಟು ಈ ಪೊಟ್ಟಣ ತಲುಪಿಸಿ" ಅಂತ ಬರೆದಿರುತ್ತಾರೆ. ಒಂದೇ ನಿಮಿಷದಲ್ಲಿ ಅಣ್ಣ ಅಪರಿಚಿತನಾಗುತ್ತಾನೆ. ಪ್ರತಿಯೊಂದು ಮಿಷನ್ ಮಾತಿಗೂ ಎರಡು ರೂಪ ಬರೆದಿಡುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಕೊನೆಯ ವಿಷಯ ಸಮಯ. ಗೇಮಿನ ಒಂದು ದಿನ ಎಷ್ಟು ಹೊತ್ತು? ಆಗ ಹೇಳಿದ ಜೆಲ್ಡಾದಲ್ಲಿ 24 ನಿಮಿಷ, ಮೈನ್‌ಕ್ರಾಫ್ಟ್‌ನಲ್ಲಿ 20, ಸ್ಕೈರಿಮ್‌ನಲ್ಲಿ 72. ನೀವು 24 ನಿಮಿಷ ಇಟ್ಟಿರಿ ಅನ್ನೋಣ. ಮನುಷ್ಯರ ನಡಿಗೆ ಸೆಕೆಂಡಿಗೆ 1.4 ಮೀಟರ್. ನಿಮ್ಮ ಭಟ್ಟರು ಒಂದು ಕಿಲೋಮೀಟರ್ ಆಚೆಯ ದೇವಸ್ಥಾನಕ್ಕೆ ಪೂಜೆಗೆ ಹೊರಟರೆ ಮುಟ್ಟಲು 12 ನಿಮಿಷ, ಅಂದರೆ ಗೇಮಿನ ಅರ್ಧ ದಿನ! ಬೆಳಗಿನ ಪೂಜೆಗೆ ಹೋದವರು ರಾತ್ರಿ ಪೂಜೆ ಮಾಡಬೇಕಾದೀತು. ಅದಕ್ಕೆ ಒಬ್ಬೊಬ್ಬ ಪಾತ್ರದ ಮನೆಯೂ ಕೆಲಸದ ಜಾಗವೂ 150 ಮೀಟರ್ ಒಳಗೆ ಇರಬೇಕು, ಇಲ್ಲವೇ ಆಡುವವರ ಕಣ್ಣು ತಪ್ಪಿದಾಗ ಅವರನ್ನು ಎತ್ತಿ ಅಲ್ಲಿಡಬೇಕು. ಮಳೆಗಾಲ ಇಟ್ಟರಂತೂ ಇನ್ನೊಂದು ಪಜೀತಿ. ತೋಡಿನ ನೀರನ್ನು ಒಂದೂವರೆ ಮೀಟರ್ ಏರಿಸಿದರೆ ಕಾಲುಸಂಕ ಮುಳುಗಿ ಅದೇ ಊರಿಗೆ ಎರಡನೇ ಮ್ಯಾಪ್ ಸಿಗುತ್ತದೆ, ಬಹಳ ಅಗ್ಗದಲ್ಲಿ. ಆದರೆ ಪಾತ್ರಗಳ ನಡೆದಾರಿಯ ಜಾಲ ಬೇಸಿಗೆಯದ್ದೇ ಆಗಿದ್ದರೆ ಊರಿಗೆ ಊರೇ ಸಾಲಾಗಿ ನೀರಿಗಿಳಿಯುತ್ತದೆ. ಬೇಸಿಗೆಗೊಂದು, ಮಳೆಗೊಂದು, ಎರಡು ಜಾಲ ಮೊದಲೇ ತಯಾರಿಸಿಟ್ಟು ಬದಲಿಸಿ. ಎರಡೂ ದಡದಲ್ಲಿ ತಂಗಲು ಜಾಗ ಇರಲಿ.

ಓಪನ್ ವರ್ಲ್ಡ್‌ನ ದೊಡ್ಡ ಸುಳ್ಳು ಯಾವುದು ಅಂದರೆ, ಎಲ್ಲರೂ ಕಾಯುತ್ತಾರೆ. 2015ರ ವಿಚರ್ ಮೂರರಲ್ಲಿ ಸಾಕುಮಗಳು ಅಪಾಯದಲ್ಲಿದ್ದಾಳೆ, ಹುಡುಕಲು ಹೊರಟ ತಂದೆ ಊರೂರಿನಲ್ಲಿ ಇಸ್ಪೀಟಿನಂಥ ಆಟ ಆಡುತ್ತಾ ಕೂರಬಹುದು, ಮಗಳಿಗೆ ಏನೂ ಆಗುವುದಿಲ್ಲ. "ಬೇಗ ಬಾ" ಅಂದವರು ಮುನ್ನೂರು ದಿನ ಅದೇ ಮರದಡಿ ನಿಂತಿರುತ್ತಾರೆ. ತಿರುಗಾಡಲು ಇದು ಅನುಕೂಲ, ಒಪ್ಪುತ್ತೇನೆ. ಗಡುವು ಇಟ್ಟ ಗೇಮ್‌ಗಳೂ ಇದ್ದವು. 1997ರ ಫಾಲ್‌ಔಟ್‌ನಲ್ಲಿ 150 ದಿನದೊಳಗೆ ನೀರಿನ ಯಂತ್ರದ ಚಿಪ್ ತರಬೇಕು. ಅಂಥ ಗಡುವು ತಲೆಯ ಮೇಲಿದ್ದರೆ ಜನ ಅಲೆಯುವುದನ್ನೇ ಬಿಟ್ಟು ಓಡುತ್ತಾರೆ, ಅದೂ ಕೆಡುಕೇ.

ನಾನು ಸೂಚಿಸುವುದು ನಡುವಿನ ದಾರಿ. ಲೋಕಕ್ಕೆ ಗಡುವು ಬೇಡ, ಕರೆಯೋಲೆಗೆ ಇರಲಿ. ಒಂದು ಮನೆಯವರು ಮದುವೆಗೆ ಕರೆಯುತ್ತಾರೆ, ಐದನೇ ದಿನ ಅಂತ. ಹೋದಿರೋ, ಚಪ್ಪರ, ಊಟ, ಜನ. ತಡವಾಗಿ ಏಳನೇ ದಿನ ಹೋದಿರೋ, ಚಪ್ಪರದ ಗಳು ಬಿಚ್ಚುತ್ತಿರುತ್ತಾರೆ, "ಈಗ ಬಂದೆಯಾ" ಅಂತ ಒಂದು ಮಾತು, ಉಳಿದ ಹೋಳಿಗೆ. ಹೋಗಲೇ ಇಲ್ಲವೋ, ಮದುಮಗಳು ಹೊಳೆಯಾಚೆಯ ಊರಿಗೆ ಹೋಗಿಯಾಯಿತು, ಅವಳು ಕೂರುತ್ತಿದ್ದ ಜಗಲಿ ಖಾಲಿ. ಮೂರು ಸ್ಥಿತಿ, ಮೂರು ಮಾತು, ಒಂದು ಚಪ್ಪರ ಇರುವುದು-ಇಲ್ಲದಿರುವುದು. ಒಂದು ದಿನದ ಕೆಲಸ. ಸೋಲು ಅಂತ ಪರದೆಯ ಮೇಲೆ ತೋರಿಸಬೇಡಿ. ನೀವು ಬೇರೆಲ್ಲೋ ಇದ್ದಾಗ ಇಲ್ಲಿ ಏನೋ ನಡೆದುಹೋಯಿತು, ಅಷ್ಟೆ. ಆಯ್ಕೆಗೆ ಬೆಲೆ ಬರುವುದು ಆಗ. ಫೋನು ಇದೆ, ಯಾವಾಗ ಬೇಕಾದರೂ ಮಾತಾಡಬಹುದು ಅಂತ ನಾವೂ ಜನರನ್ನು ಮರದಡಿ ನಿಲ್ಲಿಸಿ ಬಂದಿರುತ್ತೇವೆ. ಅವರು ಅಲ್ಲಿ ನಿಂತಿಲ್ಲ.

ಇದನ್ನೆಲ್ಲ ಕಟ್ಟಿದ ಮೇಲೆ ಪರೀಕ್ಷೆ ಹೇಗೆ? ಗೇಮ್ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ 40 ನಿಮಿಷ ಆಡಲು ಬಿಡಿ. ನೀವು ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಬೇಕು. ಇದು ಎಲ್ಲಕ್ಕಿಂತ ಕಷ್ಟ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದಿರುಗಿದರು, ಏನು ಅಂದರು ಎಂಬುದನ್ನು ನಿಮಿಷ ಸಮೇತ ಬರೆಯಿರಿ. "ಈಗ ಎಲ್ಲಿಗೆ ಹೋಗಬೇಕು?" ಅಂತ ನಿಮ್ಮನ್ನು ಕೇಳಿದರೆ ನೆಲ ಇನ್ನೂ ಮಾತಾಡುತ್ತಿಲ್ಲ. "ಆ ಜಗಲಿಯಲ್ಲಿ ಕೂರುತ್ತಿದ್ದ ಹುಡುಗಿ ಎಲ್ಲಿ?" ಅಂತ ಕೇಳಿದರೆ ಉತ್ತರ ಹೇಳಬೇಡಿ, ನಿಮಿಷ ಬರೆದುಕೊಳ್ಳಿ. ಐದು ಜನರನ್ನು ಹೀಗೆ ಕೂರಿಸಿ. ಮೂವರಾದರೂ ಅದನ್ನು ಕೇಳಿ, ಅವರಲ್ಲಿ ಒಬ್ಬರಾದರೂ ನಿಮ್ಮ ಮುಖ ನೋಡುವುದು ಬಿಟ್ಟು ಪಕ್ಕದ ಮನೆಯ ಪಾತ್ರದ ಹತ್ತಿರ ಹೋಗಿ ವಿಚಾರಿಸಿದರೆ, ಎರಡನೇ ಚದರ ಕಿಲೋಮೀಟರ್ ಶುರು ಮಾಡಬಹುದು.